ಕೋಲಾಟದ ತಂಡಕ್ಕೆ ಎಷ್ಟು ಜನ ಬೇಕು?

ಹಾಸನ ಸುತ್ತಮುತ್ತ ಹೊಸದಾಗಿ ಕೋಲಾಟ ಶುರು ಮಾಡುವವರು ನಮ್ಮನ್ನು ಕೇಳುವ ಮೊದಲ ಪ್ರಶ್ನೆ ಇದೇ. ಬಟ್ಟೆ, ಹಾಡು, ದುಡ್ಡು ಎಲ್ಲ ಆಮೇಲೆ. 'ಎಂಟು ಜೋಡಿ ಸಿಕ್ಕಿದ್ದಾರೆ, ಸಾಕಲ್ವಾ?' ಅನ್ನುತ್ತಾರೆ. ಕುಣಿಯುವುದಕ್ಕೆ 16 ಜನ ಸಾಕು, ತಂಡ ನಡೆಯುವುದಕ್ಕೆ 24 ಬೇಕು. ಆ ಮೇಲಿನ 8 ಜನರ ಲೆಕ್ಕ ಹಾಕದ ತಂಡ ಎರಡನೆಯ ವರ್ಷಕ್ಕೆ ಕೋಲು ಅಟ್ಟಕ್ಕೆ ಹಾಕುತ್ತದೆ.

ಮೊದಲು ಎಂಟು ಜೋಡಿಯೇ ಯಾಕೆ ಅನ್ನೋದು. ಹೆಣೆಯುವ ಸುತ್ತಿನಲ್ಲಿ 8 ಜನ ಪ್ರದಕ್ಷಿಣೆಯಾಗಿ, 8 ಜನ ಅಪ್ರದಕ್ಷಿಣೆಯಾಗಿ ಹೋಗುತ್ತಾರೆ. ಎದುರಾದವರಿಗೆ ಕೋಲು ಕೊಟ್ಟು, ಅಂದರೆ ಅವರ ಕೋಲಿಗೆ ನಮ್ಮ ಕೋಲು ತಾಗಿಸಿ ದಾಟಬೇಕು, ಮುಂದಿನವರಿಗೆ ಕೊಟ್ಟು ದಾಟಬೇಕು. ಹೀಗೆ ಎಂಟು ಜನರನ್ನು ಮುಗಿಸಿದರೆ ಒಂಬತ್ತನೆಯ ಭೇಟಿಗೆ ನಿಮ್ಮ ಮೊದಲ ಜೊತೆಗಾರರೇ ಸಿಗುತ್ತಾರೆ, ಆದರೆ ನೀವು ಹೊರಟ ಜಾಗದ ನೇರ ಎದುರು ಬದಿಯಲ್ಲಿ. 16 ದಾಟು ಮುಗಿದಾಗ ಇಬ್ಬರೂ ಸ್ವಸ್ಥಾನಕ್ಕೆ ಬಂದಿರುತ್ತೀರಿ. ಸಾಲಿಗೆ ನಾಲ್ಕು ದಾಟಿನಂತೆ ನಾಲ್ಕು ಸಾಲಿನ ಪದ ಹಾಡಿದರೆ ಪದವೂ ಸುತ್ತೂ ಒಟ್ಟಿಗೆ ಮುಗಿಯುತ್ತವೆ. ಅನುಮಾನವಿದ್ದರೆ ಎಂಟು ಹುಣಸೆಬೀಜ, ಎಂಟು ಅವರೆಕಾಳು ಮೇಜಿನ ಮೇಲೆ ಸುತ್ತಲಿಟ್ಟು ಸರಿಸಿ ನೋಡಿ.

ಏಳು ಜೋಡಿಯಾದರೆ 14ಕ್ಕೇ ಸ್ವಸ್ಥಾನ ಸೇರುತ್ತೀರಿ, ಪದ ಇನ್ನೂ ಎರಡು ದಾಟಿನಷ್ಟು ಉಳಿದಿರುತ್ತದೆ. ಹಾಡುವವರು ಎಳೆಯುತ್ತಾರೆ, ಕುಣಿಯುವವರು ನಿಂತುಬಿಡುತ್ತಾರೆ. ಆರು ಜೋಡಿಗೆ 12 ದಾಟು, ಮೂರು ಸಾಲಿನ ಪದ ಸರಿಹೋಗುತ್ತದೆ. ಮೂರು ಸಾಲು ಅಂತ ತ್ರಿಪದಿ ಎತ್ತಿಕೊಂಡರೆ ಮಾತ್ರ ಕೆಟ್ಟಿತು: ಹಾಡುವಾಗ ಎರಡನೆಯ ಸಾಲು ಮರುಕಳಿಸಿ ನಾಲ್ಕರಷ್ಟೇ ಆಗಿಬಿಡುತ್ತದೆ.

ಇನ್ನು ಒಬ್ಬರು ಬರಲಿಲ್ಲ ಅನ್ನಿ. ಡೊಳ್ಳಿನಲ್ಲಾದರೆ ಸಾಲು ಒತ್ತರಿಸಿ ನಿಂತರಾಯಿತು. ಕೋಲಾಟದಲ್ಲಿ ಪ್ರತಿಯೊಬ್ಬರೂ ಎದುರು ದಿಕ್ಕಿನ ಎಲ್ಲರಿಗೂ ಎದುರಾಗುವುದರಿಂದ ಆ ಒಂದು ಖಾಲಿ ಜಾಗ ಸುತ್ತಿನಲ್ಲಿ ಎಂಟು ಜನರ ಕೈಗೂ ಸಿಗುತ್ತದೆ. ಅದಕ್ಕೇ ನಾಲ್ಕು ಜನ ಬದಲಿ ಇರಬೇಕು. ಎಲ್ಲರೂ ತಪ್ಪುವುದು ಇಲ್ಲೇ: ಬದಲಿಯವರಿಗೆ ಒಂದೇ ಕಡೆಯ ನಡೆ ಕಲಿಸುತ್ತಾರೆ. ಪ್ರದಕ್ಷಿಣೆಯವರು ಮೊದಲ ದಾಟನ್ನು ಸುತ್ತಿನ ಹೊರಗಿನಿಂದ, ಎರಡನೆಯದನ್ನು ಒಳಗಿನಿಂದ ಮಾಡುತ್ತಾರೆ. ಎದುರಿನವರದು ಒಳಗು, ಆಮೇಲೆ ಹೊರಗು. ಕಾಲಿಗೆ ಒಂದು ರೂಢಿಯಾದ ಮೇಲೆ ಇನ್ನೊಂದು ಅಷ್ಟು ಸುಲಭಕ್ಕೆ ಬರುವುದಿಲ್ಲ. ಬದಲಿಯವರು ಒಂದು ವಾರ ಆ ಕಡೆ, ಒಂದು ವಾರ ಈ ಕಡೆ ನಿಂತೇ ಕಲಿಯಬೇಕು. ನಮ್ಮ ಲೆಕ್ಕದಲ್ಲಿ ತಂಡದ ಗಟ್ಟಿ ಕುಣಿತಗಾರರೇ ಬದಲಿಗಿರಬೇಕು, ಹೊಸಬರಲ್ಲ.

ಗೈರುಹಾಜರಿಯನ್ನು ಸೋಮಾರಿತನ ಅಂತ ಬೈಯುವುದರಲ್ಲಿ ಅರ್ಥವಿಲ್ಲ. ಸಕಲೇಶಪುರ, ಆಲೂರು, ಬೇಲೂರು ಕಡೆ ನವೆಂಬರ್‌ನಿಂದ ಜನವರಿವರೆಗೆ ಅರೇಬಿಕಾ ಕುಯ್ಲು, ಅದರ ಬೆನ್ನಿಗೇ ರೋಬಸ್ಟಾ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಅದೇ ಹೊತ್ತಿಗೆ ರಾಗಿ ಕುಯ್ಲು, ಒಕ್ಕಣೆ. ಕರೆ ಬರುವುದೂ ಆಗಲೇ: ದೀಪಾವಳಿ, ನವೆಂಬರ್ 1ರಿಂದ ತಿಂಗಳಿಡೀ ರಾಜ್ಯೋತ್ಸವ. ಹಾಗಾಗಿ ಕಲಿಕೆಯನ್ನು ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆಗಾಲದ ಸಂಜೆಗಳಿಗೆ ಇಟ್ಟುಕೊಳ್ಳಿ. ಸಮುದಾಯ ಭವನವಾಗಲಿ, ಶಾಲೆಯ ಜಗಲಿಯಾಗಲಿ, ತಲೆ ಮೇಲೆ ಸೂರಿದ್ದರೆ ಸಾಕು. ವಾರಕ್ಕೆ ಎರಡು ಸಲ, ಒಂದೂವರೆ ಗಂಟೆ. ದಿನಾ ಬನ್ನಿ ಅಂದರೆ ಮೂರನೆಯ ವಾರಕ್ಕೆ ಅರ್ಧ ಜನ ಇರುವುದಿಲ್ಲ.

ಜಾಗದ ಲೆಕ್ಕ ಸಣ್ಣದು, ಆದರೆ ಕರೆದವರು ಮರೆಯುವುದು ಇದನ್ನೇ. ಕೈಚಾಚಿ ಕೋಲು ಬೀಸಲು ತಲೆಗೆ ಮೂರೂವರೆ ಅಡಿ ಅಂದರೆ 16 ಜನಕ್ಕೆ 56 ಅಡಿ ಸುತ್ತಳತೆ, ಸುಮಾರು 18 ಅಡಿ ವ್ಯಾಸ. ಹೊರಗಿನಿಂದ ದಾಟುವವರಿಗೆ ಎರಡೂ ಬದಿ ಎರಡೆರಡು ಅಡಿ ಸೇರಿಸಿದರೆ 22. ವೇದಿಕೆ 20 ಅಡಿ ಅಂದರೆ ಒಪ್ಪಬೇಡಿ, ಕೆಳಗೆ ನೆಲದ ಮೇಲೆ ಆಡುತ್ತೇವೆ ಅನ್ನಿ. ಹಲಗೆಯ ವೇದಿಕೆ ಕುಣಿದಂತೆಲ್ಲ ಪುಟಿಯುತ್ತದೆ, ಮೇಲೆ ಹಾಸಿದ ಜಮಖಾನ ಬರಿಗಾಲಿಗೆ ಸಿಕ್ಕಿ ಮಡಚಿಕೊಳ್ಳುತ್ತದೆ.

ಕೋಲು 15 ಇಂಚು, ಹೆಬ್ಬೆರಳು ದಪ್ಪ. ಕಾಫಿ ಗಿಡ ಸವರಿದಾಗ ಬೀಳುವ ನೇರ ಕೊಂಬೆ ಗಟ್ಟಿಮರ, ಚೆನ್ನಾಗಿಯೇ ಆಗುತ್ತದೆ. ಸಿಪ್ಪೆ ಹೆರೆದು ಒಂದೂವರೆ ತಿಂಗಳಾದರೂ ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಸೀಳು ಬಿಡುತ್ತದೆ, ಹಸಿಯಲ್ಲೇ ಬಳಸಿದರೆ ಸದ್ದು ಮಂಕು. ಹಿಡಿಯುವಾಗ ತುದಿಯಲ್ಲಿ ಎರಡು ಬೆರಳಷ್ಟು ಬಿಟ್ಟು ಹಿಡಿಯಿರಿ, ಮೇಲಿನ ಮೂರನೇ ಒಂದು ಭಾಗದಲ್ಲಿ ತಾಗಿಸಿ. ನಡುವೆ ಹಿಡಿದರೆ ಎದುರಿನವರ ಕೋಲು ಜಾರಿ ಬೆರಳ ಗೆಣ್ಣಿಗೆ ಬರುತ್ತದೆ. ಮೊದಲ ತಿಂಗಳ ಗಾಯಗಳಲ್ಲಿ ಮುಕ್ಕಾಲು ಪಾಲು ಹೀಗೇ ಆಗುವುದು. ಗಾಜಿನ ಬಳೆ ತೆಗೆದಿಡಿ. ಹತ್ತು ವರ್ಷದ ಮಕ್ಕಳನ್ನು ದೊಡ್ಡವರ ಸುತ್ತಿಗೆ ಸೇರಿಸಬೇಡಿ: ದೊಡ್ಡವರ ಎದೆಮಟ್ಟದ ಹೊಡೆತ ಮಗುವಿನ ಕಣ್ಣಿನ ಮಟ್ಟಕ್ಕಿರುತ್ತದೆ. ಜೋಡಿ ಬದಲಾಗುತ್ತಲೇ ಇರುವುದರಿಂದ 'ಎತ್ತರ ನೋಡಿ ನಿಲ್ಲಿಸ್ತೀವಿ' ಅನ್ನುವ ಉಪಾಯ ನಡೆಯುವುದಿಲ್ಲ.

ಕುಣಿಯುವವರು 16, ಬದಲಿ 4, ಅಲ್ಲಿಗೆ 20 ಆಯಿತು. ಉಳಿದ ನಾಲ್ವರಲ್ಲಿ ಇಬ್ಬರು ಪದ ಹೇಳುವವರು, ಒಬ್ಬರು ತಾಳದವರು. ಸ್ಪೀಕರಿನಲ್ಲಿ ಹಾಡು ಹಾಕಿ ಆಡುವ ತಂಡಗಳಿವೆ. ನಮಗದು ಒಗ್ಗದು, ಕಾರಣ ಇಷ್ಟೇ: ಒಂಬತ್ತನೆಯ ಭೇಟಿಗೆ ಬೇರೆಯವರು ಸಿಕ್ಕರೆ ಯಾರೋ ದಾರಿ ತಪ್ಪಿದ್ದಾರೆ ಎಂದರ್ಥ. ಆಗ ಹಿಂದಿರುಗಿ ಹುಡುಕಬಾರದು, ಇದ್ದಲ್ಲೇ ನಿಂತು ತಮ್ಮೆರಡು ಕೋಲನ್ನೇ ತಟ್ಟಿಕೊಳ್ಳುತ್ತಿರಬೇಕು. ಪದ ಹೇಳುವವರು ಪಲ್ಲವಿಗೆ ಬಂದು, ಎಲ್ಲರೂ ಜಾಗ ಹಿಡಿಯುವವರೆಗೆ ಅದನ್ನೇ ತಿರುಗಿಸುತ್ತಾರೆ. ಸ್ಪೀಕರು ಕಾಯುವುದಿಲ್ಲ. ತಾಳದವರು ನೋಡಬೇಕಾದ್ದು ಹಾಡುವವರ ಬಾಯನ್ನಲ್ಲ, ಸುತ್ತಿನಲ್ಲಿ ಅತಿ ನಿಧಾನದ ಕಾಲನ್ನು. ಇಲ್ಲದಿದ್ದರೆ ಮೂರನೆಯ ಪದಕ್ಕೆ ಓಟ ಹಿಡಿದು ಕೊನೆಗೆ ಗದ್ದಲವೇ ಉಳಿಯುತ್ತದೆ.

ಮೇಲಿಂದ ಇಳಿಬಿಟ್ಟ ಹಗ್ಗ ಹಿಡಿದು ಜಡೆಯಂತೆ ಹೆಣೆಯುತ್ತ, ಬಿಚ್ಚುತ್ತ ಕುಣಿಯುವ ಜಡೆ ಕೋಲಾಟ ಕೇಳುವವರಿಗೆ: ಎರಡು ಹಂಗಾಮು ಕಳೆಯಲಿ. ಹಗ್ಗ ನೂಲಿನದೇ ಆಗಬೇಕು, ಪ್ರದಕ್ಷಿಣೆಯವರಿಗೆ ಒಂದು ಬಣ್ಣ, ಎದುರಿನವರಿಗೆ ಇನ್ನೊಂದು. ಒಬ್ಬರು ಒಳಗಿನಿಂದ ಹೋಗುವಲ್ಲಿ ಹೊರಗಿನಿಂದ ಹೋದರೆ ಹೆಣೆಯುವಾಗ ಗೊತ್ತೇ ಆಗುವುದಿಲ್ಲ, ಬಿಚ್ಚುವಾಗ ಅಲ್ಲೇ ಗಂಟು ಬೀಳುತ್ತದೆ. ಎರಡು ಬಣ್ಣವಿದ್ದರೆ ಜಡೆಯ ಮೇಲೆ ಎಡವಟ್ಟು ಕಣ್ಣಿಗೆ ಬಿದ್ದ ಕೂಡಲೇ ನಿಲ್ಲಿಸಬಹುದು.

ಇಪ್ಪತ್ನಾಲ್ಕನೆಯವರು ಕುಣಿಯುವುದಿಲ್ಲ, ಹಾಡುವುದಿಲ್ಲ. ಫೋನು ಮಾಡಿ ಯಾರು ಬರುತ್ತಾರೆ ಕೇಳುವುದು, ವ್ಯಾನು ಹೇಳುವುದು, ಹೊರಡುವಾಗ 32 ಕೋಲಿನ ಜೊತೆ ನಾಲ್ಕು ಹೆಚ್ಚಿನದು ಎಣಿಸಿಡುವುದು, ಲೆಕ್ಕ ಬರೆಯುವುದು ಇವರ ಕೆಲಸ. ಇದನ್ನು ಚೆನ್ನಾಗಿ ಕುಣಿಯುವವರ ತಲೆಗೆ ಕಟ್ಟಬೇಡಿ. ನೋಂದಣಿಯ ಅವಸರವೂ ಬೇಡ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಏಳು ಜನ ಸೇರಿದರೆ ಸಂಘ ಆಗುತ್ತದೆ ನಿಜ. ಆಮೇಲೆ ಪ್ರತಿ ವರ್ಷ ಲೆಕ್ಕಪತ್ರ, ಆಡಳಿತ ಮಂಡಳಿಯ ಪಟ್ಟಿ ಸಲ್ಲಿಸುತ್ತಿರಬೇಕು, ಬಿಟ್ಟರೆ ತಲೆನೋವು. ಮೊದಲ ವರ್ಷಕ್ಕೆ 200 ಪುಟದ ಒಂದು ನೋಟ್‌ಬುಕ್ ಸಾಕು. ಎಡಪುಟದಲ್ಲಿ ಬಂದ ದುಡ್ಡು, ಬಲಪುಟದಲ್ಲಿ ಹೋದದ್ದು, ಕೆಳಗೆ ಆ ದಿನ ಬಂದವರ ಹೆಸರು. ಪುಸ್ತಕವನ್ನು ಕೋಲಿನ ಚೀಲದಲ್ಲೇ ಇಡಿ, ಯಾರು ಬೇಕಾದರೂ ತೆಗೆದು ನೋಡುವ ಹಾಗೆ.