ಮರಿಯ ಹೊಟ್ಟೆಗೆ ಮೊದಲು ಯಾರು ಸೇರಬೇಕು?

ದೊಡ್ಡಬಳ್ಳಾಪುರದ ಕಡೆ ಇರುವ ನಮ್ಮ ಮೂರು ಸಾವಿರ ಬ್ರಾಯ್ಲರ್ ಕೋಳಿಗಳ ಶೆಡ್ಡಿನಲ್ಲಿ, ಕಂಪನಿಯೇ ಮರಿ, ಆಹಾರ ಕೊಡುವ ಕರಾರು ಸಾಕಣೆಯನ್ನು ಬಿಟ್ಟು ಸ್ವಂತವಾಗಿ ಆಹಾರ ಬೆರೆಸಲು ಆರಂಭಿಸಿದ ದಿನಗಳಲ್ಲಿ, ಮೆಕ್ಕೆಜೋಳ, ಸೋಯಾ ಹಿಂಡಿ ಮತ್ತು ಖನಿಜ ಮಿಶ್ರಣದ ಜೊತೆಗೆ ಒಂದು ಪುಡಿಯೂ ಟನ್ನಿಗೆ ಇಷ್ಟು ಗ್ರಾಂ ಎಂಬ ಲೆಕ್ಕದಲ್ಲಿ ಸೇರುತ್ತಿತ್ತು. ಅದು ರೋಗಕ್ಕೆ ಕೊಡುವ ಔಷಧಿಯಲ್ಲ, ತೂಕ ಬರಲೆಂದು ಹಾಕುವುದು ಎಂದು ಅಂಗಡಿಯವರು ಹೇಳುತ್ತಿದ್ದರು. ಚೀಲದ ಮೇಲಿನ ಸಣ್ಣ ಅಕ್ಷರಗಳನ್ನು ಓದಿದ ಮೇಲೆಯೇ ಅದು ಕೊಲಿಸ್ಟಿನ್, ಅಂದರೆ ಆಸ್ಪತ್ರೆಯಲ್ಲಿ ಬೇರೆ ಯಾವ ಔಷಧಿಯೂ ನಾಟದಿದ್ದಾಗ ವೈದ್ಯರು ಕೊನೆಯದಾಗಿ ಕೈಗೆತ್ತಿಕೊಳ್ಳುವ ಆಂಟಿಬಯಾಟಿಕ್, ಎಂದು ನನಗೆ ತಿಳಿದದ್ದು.

ಈ ರೂಢಿ ಹುಟ್ಟಿದ್ದು ಅಮೆರಿಕದಲ್ಲಿ. 1940ರ ದಶಕದ ಕೊನೆಯಲ್ಲಿ, ಕ್ಲೋರ್‌ಟೆಟ್ರಾಸೈಕ್ಲಿನ್ ತಯಾರಿಸಿ ಉಳಿದ ಹುದುಗಿನ ಚರಟವನ್ನು ವಿಟಮಿನ್ ಬಿ12ಗಾಗಿ ಮರಿಗಳಿಗೆ ತಿನ್ನಿಸಿದಾಗ, ಅವು ವಿಟಮಿನ್ನಿನ ಲೆಕ್ಕವನ್ನೂ ಮೀರಿ ಬೆಳೆದವು. ಸ್ವೀಡನ್ ಈ ಬಳಕೆಯನ್ನು 1986ರಲ್ಲಿ ನಿಷೇಧಿಸಿತು. ಐರೋಪ್ಯ ಒಕ್ಕೂಟ 2006ರ ಜನವರಿಯಿಂದ ಪೂರ್ಣವಾಗಿ ನಿಲ್ಲಿಸಿತು. ಕೊಲಿಸ್ಟಿನ್‌ಗೆ ಬಗ್ಗದಿರುವ ಶಕ್ತಿಯನ್ನು ಒಂದು ಬ್ಯಾಕ್ಟೀರಿಯಾದಿಂದ ಮತ್ತೊಂದಕ್ಕೆ ದಾಟಿಸಬಲ್ಲ ಜೀನ್ ಚೀನಾದಲ್ಲಿ ಪತ್ತೆಯಾದ ಸುದ್ದಿ 2015ರಲ್ಲಿ ಬಂತು, ನಮ್ಮ ಕೇಂದ್ರ ಸರ್ಕಾರ 2019ರ ಜುಲೈಯಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು. ನಾನು ಪ್ರೋಬಯಾಟಿಕ್, ಅಂದರೆ ಕರುಳಿಗೆ ಒಳ್ಳೆಯದು ಮಾಡುವ ಜೀವಂತ ಬ್ಯಾಕ್ಟೀರಿಯಾ, ಕಡೆಗೆ ತಿರುಗಿದ್ದು ಆಗ. ಆದರ್ಶದಿಂದ ಎಂದು ಹೇಳಿಕೊಳ್ಳಲಾರೆ.

ಮೊದಲ ಬ್ಯಾಚಿನಲ್ಲಿ ನಾನು ಮಾಡಿದ ತಪ್ಪು ಬಹಳ ಜನ ಮಾಡುವಂಥದ್ದು. ಒಂದು ಪುಡಿಯನ್ನು ತೆಗೆದು ಅದರ ಜಾಗದಲ್ಲಿ ಇನ್ನೊಂದು ಪುಡಿಯನ್ನು ಹಾಕಿದರೆ ಕೆಲಸ ಮುಗಿಯಿತು ಎಂದುಕೊಂಡು, ಲ್ಯಾಕ್ಟೊಬ್ಯಾಸಿಲಸ್ ಎಂಬ ಅಂಥ ಒಂದು ಬ್ಯಾಕ್ಟೀರಿಯಾ ಇದ್ದ ಪೊಟ್ಟಣವನ್ನು ಬೆಳಿಗ್ಗೆ ಕುಡಿಯುವ ನೀರಿನ ಟ್ಯಾಂಕಿಗೆ ಸುರಿದೆ. ಅದೇ ಟ್ಯಾಂಕಿಗೆ ಹಿಂದಿನ ರಾತ್ರಿ ಬ್ಲೀಚಿಂಗ್ ಪೌಡರ್ ಹಾಕಿದ್ದವನೂ ನಾನೇ. ಬ್ಯಾಕ್ಟೀರಿಯಾ ಸಾಯಲೆಂದು ಕ್ಲೋರಿನ್ ಹಾಕಿದ ನೀರಿಗೆ ದುಡ್ಡು ಕೊಟ್ಟು ತಂದ ಬ್ಯಾಕ್ಟೀರಿಯಾ ಹಾಕಿದಂತಾಯಿತು. ನಾಲ್ಕನೆಯ ವಾರಕ್ಕೆ, ಕೋಳಿಗಳು ಕೊಕ್ಕಿನಿಂದ ಒತ್ತಿ ನೀರು ಕುಡಿಯುವ ನಿಪ್ಪಲ್ ಸಾಲಿನ ಕೆಳಗೆ ಹಾಸಿದ್ದ ಭತ್ತದ ಹೊಟ್ಟು ಒದ್ದೆಯಾಗಿ ಹೆಪ್ಪುಗಟ್ಟಿತು, ಹಿಕ್ಕೆ ಕಂದು ಬಣ್ಣದ ಲೋಳೆಯಾಯಿತು, ಸತ್ತ ಕೋಳಿಯನ್ನು ಪಶುವೈದ್ಯರು ಕೊಯ್ದು ನೋಡಿದಾಗ ಸಣ್ಣ ಕರುಳು ಉಬ್ಬಿಕೊಂಡು, ಅದರ ಒಳಪದರ ಒರಟು ಟವೆಲ್ಲಿನಂತೆ ಕಾಣಿಸಿತು. ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾ ತರುವ ಕರುಳು ಬೇನೆ ಅದು. ಚಿಕಿತ್ಸೆಗೆ ಅವರು ಬರೆದುಕೊಟ್ಟ ಆಂಟಿಬಯಾಟಿಕ್ಕನ್ನೇ ಕೊಡಬೇಕಾಯಿತು, ಔಷಧಿಯ ಅಂಶ ಮಾಂಸದಿಂದ ಇಳಿಯಲು ಬೇಕಾದ ಅವಧಿ ಕಳೆಯುವವರೆಗೆ ಮಾರಾಟವನ್ನೂ ಮುಂದೂಡಬೇಕಾಯಿತು.

ಆಮೇಲೆ ನನಗೆ ಅರ್ಥವಾದದ್ದೆಂದರೆ, ಹಳೆಯ ಪುಡಿ ನನ್ನ ಶೆಡ್ಡಿನ ಒದ್ದೆ ನೆಲವನ್ನೂ ಗಾಳಿಯಾಡದ ಮೂಲೆಯನ್ನೂ ಇಷ್ಟು ವರ್ಷ ಮುಚ್ಚಿಟ್ಟಿತ್ತು.

ಪ್ರೋಬಯಾಟಿಕ್ ಕೆಲಸ ಮಾಡುವ ಬಗೆಯೇ ಬೇರೆ. ತಿಪ್ಪೆ ಕೆದಕುತ್ತಾ ತಾಯಿಯ ಹಿಂದೆ ಓಡಾಡುವ ನಾಟಿ ಕೋಳಿ ಮರಿಗೆ ತಾಯಿಯ ಹಿಕ್ಕೆಯಿಂದಲೇ ಕರುಳಿಗೆ ಬೇಕಾದ ಸೂಕ್ಷ್ಮಜೀವಿಗಳು ಮೊದಲ ದಿನಗಳಲ್ಲೇ ಸೇರುತ್ತವೆ. ಯಂತ್ರದಲ್ಲಿ ಹುಟ್ಟಿ, ಪೆಟ್ಟಿಗೆಯಲ್ಲಿ ಬಂದು, ತೊಳೆದ ಶೆಡ್ಡಿನಲ್ಲಿ ಇಳಿಯುವ ಮರಿಗೆ ತಾಯಿಯೇ ಇಲ್ಲ. ಅದರ ಕರುಳು ಖಾಲಿ ನಿವೇಶನ, ಮೊದಲು ಬಂದವರು ಬೇಲಿ ಹಾಕಿಕೊಳ್ಳುತ್ತಾರೆ. ಫಿನ್ಲೆಂಡಿನಲ್ಲಿ ಕೋಳಿಗಳಿಗೆ ಸಾಲ್ಮೊನೆಲ್ಲಾ ಹರಡಿದ್ದ ಕಾಲದಲ್ಲಿ, ನುರ್ಮಿ ಮತ್ತು ರಂಟಾಲ ಎಂಬ ಸಂಶೋಧಕರು ಬೆಳೆದ ಕೋಳಿಗಳ ಕರುಳಿನ ದ್ರವವನ್ನು ಹೊಸ ಮರಿಗಳಿಗೆ ಕುಡಿಸಿ, ಸಾಲ್ಮೊನೆಲ್ಲಾ ಅಲ್ಲಿ ನೆಲೆಯೂರಲು ಕಷ್ಟಪಡುವುದನ್ನು 1973ರಲ್ಲಿ ತೋರಿಸಿದ್ದು ಇದನ್ನೇ. ಒಳ್ಳೆಯ ಬ್ಯಾಕ್ಟೀರಿಯಾ ಜಾಗವನ್ನೂ ಆಹಾರವನ್ನೂ ಮೊದಲೇ ಹಿಡಿಯುತ್ತವೆ, ಆಮ್ಲವನ್ನು ಉತ್ಪಾದಿಸಿ ಕರುಳನ್ನು ಹುಳಿಯಾಗಿಸುತ್ತವೆ, ಆ ಹುಳಿಯಲ್ಲಿ ಹಲವು ರೋಗಾಣುಗಳು ಸುಲಭವಾಗಿ ಬೆಳೆಯಲಾರವು. ಆದ್ದರಿಂದ ರೋಗ ಬಂದ ಮೇಲೆ ಕೊಡುವುದರಿಂದ ಹೆಚ್ಚಿನ ಉಪಯೋಗವಿಲ್ಲ; ಮರಿ ಇಳಿದ ದಿನವೇ ಕೊಡಬೇಕು.

ಈಗ ನಾನು ಆಹಾರಕ್ಕೆ ಬೆರೆಸುವುದು ಬ್ಯಾಸಿಲಸ್ ಸಬ್ಟಿಲಿಸ್ ಮತ್ತು ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಎಂಬ ಬ್ಯಾಕ್ಟೀರಿಯಾಗಳ ಬೀಜಕಣಗಳನ್ನು. ಬೀಜಕಣಗಳಿಗೆ ಗಟ್ಟಿ ಕವಚವಿರುವುದರಿಂದ ಅವು ಗೋದಾಮಿನ ಸೆಕೆಯನ್ನೂ, ಉಂಡೆ ಆಹಾರ ತಯಾರಿಸುವಾಗ ತಾಗುವ 80 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯನ್ನೂ ತಡೆಯುತ್ತವೆ. ಲ್ಯಾಕ್ಟೊಬ್ಯಾಸಿಲಸ್‌ಗೆ ಅಂಥ ರಕ್ಷಣೆಯಿಲ್ಲ. ಲ್ಯಾಕ್ಟೊಬ್ಯಾಸಿಲಸ್ಸನ್ನು ಮೊದಲ ಮೂರು ದಿನ ಮಾತ್ರ ಬೇರೆ ಬಕೆಟ್ಟಿನ, ಕ್ಲೋರಿನ್ ಇಲ್ಲದ ನೀರಿನಲ್ಲಿ ಕೊಡುತ್ತೇನೆ. ಪೊಟ್ಟಣದ ಮೇಲೆ ಬ್ಯಾಕ್ಟೀರಿಯಾದ ಹೆಸರು, ಗ್ರಾಮಿಗೆ ಎಷ್ಟು ಜೀವಂತ ಕಣಗಳು ಮತ್ತು ಅವಧಿ ಮುಗಿಯುವ ದಿನಾಂಕ ಇಲ್ಲದಿದ್ದರೆ, ಎಷ್ಟೇ ಅಗ್ಗವಾದರೂ ಕೊಳ್ಳುವುದಿಲ್ಲ.

ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ನನಗೆ ಕಾಣಲಿಲ್ಲ. ಆರು ವಾರಕ್ಕೆ ಎರಡು ಕಿಲೋ ಮೊದಲೂ ಬರುತ್ತಿತ್ತು, ಈಗಲೂ ಬರುತ್ತದೆ. ಸಗಟು ವ್ಯಾಪಾರಿ ಕೊಡುವ ದರವೂ ಅದೇ, ಆಂಟಿಬಯಾಟಿಕ್ ಇಲ್ಲವೆಂದರೆ ಅವರು ತಲೆಯೆತ್ತಿಯೂ ನೋಡುವುದಿಲ್ಲ. ನನಗೆ ವ್ಯತ್ಯಾಸ ಕಂಡದ್ದು ನೆಲದಲ್ಲಿ. ಇಪ್ಪತ್ತೊಂದನೆಯ ದಿನ ನಿಪ್ಪಲ್ ಸಾಲಿನ ಕೆಳಗಿನಿಂದ ಒಂದು ಹಿಡಿ ಹೊಟ್ಟು ತೆಗೆದು ಬಿಗಿಯಾಗಿ ಹಿಂಡಿ ಕೈ ಬಿಚ್ಚುತ್ತೇನೆ. ಉಂಡೆಯಾಗಿಯೇ ನಿಂತರೆ ಅಂದು ಸಂಜೆಯೊಳಗೆ ಸೋರುವ ನಿಪ್ಪಲ್ ಹುಡುಕಬೇಕು, ನೆಲ ಕೆದಕಿ ತಿರುವಬೇಕು. ಕಳೆದ ಬ್ಯಾಚಿನಲ್ಲಿ ಅದು ಬೆರಳ ಸಂದಿಯಿಂದ ಪುಡಿಯಾಗಿ ಉದುರಿತು.