ಎರಡು ಸೆಂಟಿಮೀಟರ್ ಸೀಟಿಗೆ 400 ರೂಪಾಯಿ ಯಾಕೆ?

"ಇಷ್ಟು ಚಿಕ್ಕ ಪ್ಲಾಸ್ಟಿಕ್ಕಿಗೆ ನಾನೂರು ರೂಪಾಯಾ?"

ನಾನು ಮಿಗ್-21 ಯುದ್ಧವಿಮಾನದ ಮಾಡೆಲ್ ಕಿಟ್‌ಗೆ, ಅಂದರೆ ಬಿಡಿಭಾಗ ಅಂಟಿಸಿ ಜೋಡಿಸುವ ಪುಟ್ಟ ವಿಮಾನಕ್ಕೆ, ಪೈಲಟ್ ಸೀಟು ಮಾಡಿ ಮಾರುತ್ತೇನೆ. 1:72 ಅಳತೆ, ಅಂದರೆ ನಿಜವಾದದ್ದರ 72ರಲ್ಲಿ ಒಂದು ಪಾಲು. ಎತ್ತರ ಎರಡು ಸೆಂಟಿಮೀಟರೂ ಇಲ್ಲ. ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಅದು ಕಿಟ್‌ನಲ್ಲಿರೋ ಥರದ ಪ್ಲಾಸ್ಟಿಕ್ ಅಲ್ಲ, ರೆಸಿನ್. ದ್ರವವಾಗಿ ಅಚ್ಚಿಗೆ ಸುರಿದರೆ ಗಟ್ಟಿಯಾಗುತ್ತದೆ. ಒಂದು ಸೀಟಿಗೆ ಎರಡು ಮೂರು ರೂಪಾಯಿಯ ರೆಸಿನ್ ಸಾಕು. ಒಪ್ಪಿದೆ. ಒಂದು ಪ್ರದರ್ಶನದಲ್ಲಿ ಒಬ್ಬರು ಅದನ್ನು ಅಂಗೈಯಲ್ಲಿಟ್ಟು ತೂಗಿ, "ಬೆಳ್ಳಿಗಿಂತ ತುಟ್ಟಿ ಆಯ್ತಲ್ರೀ" ಅಂದರು. ಹಿಂದಿದ್ದವರೆಲ್ಲ ನಕ್ಕರು. ನನಗೆ ರೇಗಿತು. ದರ್ಜಿ ಹತ್ತಿರ ಹೋಗಿ ದಾರದ ತೂಕ ಕೇಳ್ತೀರಾ?

ಕಿಟ್ ಕಂಪನಿಗಳದ್ದು ಉಕ್ಕಿನ ಅಚ್ಚು. ಅದಕ್ಕೆ ಲಕ್ಷಗಟ್ಟಲೆ ಖರ್ಚು, ಸಾವಿರಗಟ್ಟಲೆ ಕಿಟ್ ಹೋದರೆ ಮಾತ್ರ ಗಿಟ್ಟುತ್ತದೆ. ಉಕ್ಕು ಬಗ್ಗುವುದಿಲ್ಲ. ಒಳಗೆ ಕೊಕ್ಕೆಯಂತೆ ಬಾಗಿದ ಆಕಾರ ಅದರಿಂದ ಸುಲಭಕ್ಕೆ ಬಿಡಿಸಿಕೊಂಡು ಬರುವುದಿಲ್ಲ. ಹಾಗಾಗಿ ಕಿಟ್‌ನೊಳಗಿನ ಸೀಟು ಸಾಮಾನ್ಯವಾಗಿ ಮಣೆಯ ಥರ ಬೋಳು. ನನ್ನದು ಸಿಲಿಕೋನ್ ರಬ್ಬರ್ ಅಚ್ಚು. ಬಗ್ಗುತ್ತದೆ, ಬೆಲ್ಟಿನ ಮಡಿಕೆಯೂ ಬರುತ್ತದೆ. ಆದರೆ 25 ಸೀಟು ತೆಗೆಯುವಷ್ಟರಲ್ಲಿ ಅಂಚು ಹರಿಯುತ್ತದೆ. ಮತ್ತೆ ಹೊಸ ಅಚ್ಚು. ಮಳೆಗಾಲದಲ್ಲಂತೂ ಗಾಳಿಯ ತೇವ ಸೇರಿ ರೆಸಿನ್ ಗುಳ್ಳೆ ಏಳುತ್ತದೆ. ತಲೆಯೊರಗಿನ ಮೇಲೆ ಸಾಸಿವೆಗಿಂತ ಚಿಕ್ಕ ತೂತು ಬಿದ್ದರೂ ಆ ಸೀಟು ಕಸಕ್ಕೆ.

ಲೆಕ್ಕ ಕೇಳಿ. ಅಚ್ಚು ತೆಗೆಯೋಕೆ ಬೇಕಾದ ಮೊದಲ ಮಾದರಿ ಕೆತ್ತಲು 70 ಗಂಟೆ. ಎರಡು ವರ್ಷದಲ್ಲಿ 100 ಸೀಟು ಹೋದವು. ಬಂದದ್ದು 40,000. ರಬ್ಬರ್, ರೆಸಿನ್, ಡಬ್ಬಿ, ಅಂಚೆ, ಹಾಳಾದದ್ದು ಎಲ್ಲ ಸೇರಿ 15,000 ಹೋಯಿತು. ಎರಕ, ಉಜ್ಜೋದು, ಪ್ಯಾಕಿಂಗ್‌ಗೆ ಇನ್ನೂ 60 ಗಂಟೆ. ನನ್ನ ಒಂದು ಗಂಟೆಗೆ 200 ರೂಪಾಯಿಯೂ ಬೀಳಲಿಲ್ಲ. ಸೀಟು ತುಟ್ಟಿಯಾಗಿರುವುದು ಕೊಳ್ಳುವವರು ಕಮ್ಮಿ ಇರೋದರಿಂದ. 5,000 ಜನ ಕೊಂಡರೆ ನಾನೂ ಕಮ್ಮಿಗೆ ಕೊಡುತ್ತೇನೆ. ನಾಳೆ ಯಾವುದೋ ಕಂಪನಿ ಚೆನ್ನಾಗಿರೋ ಸೀಟನ್ನೇ ಹಾಕಿ ಹೊಸ ಕಿಟ್ ತಂದರೆ ನನ್ನ ಡಬ್ಬಿಗಳು ಹಾಗೇ ಉಳಿಯುತ್ತವೆ, ಅದೂ ಈ ಬೆಲೆಯಲ್ಲಿದೆ.

ಬೆಲೆ ಬಿಟ್ಟು ಬೇರೆ ಪ್ರಶ್ನೆ ಕೇಳಿದವರು ಒಬ್ಬರೇ. 1963ರಲ್ಲಿ ವಾಯುಪಡೆಗೆ ಬಂದ ಮಿಗ್-21ಕ್ಕೆ 2025ರ ಸೆಪ್ಟೆಂಬರ್ 26ರಂದು ಬೀಳ್ಕೊಡುಗೆ ಆಯಿತಲ್ಲ, ಅದಾದ ಮೇಲೆ ಒಂದು ಫೋನ್ ಬಂತು. ಅದೇ ವಿಮಾನದ ರಿಪೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಸೀಟು ತರಿಸಿಕೊಂಡು ಭೂತಗನ್ನಡಿ ಹಿಡಿದು ನೋಡಿದ್ದರು.

"ಬೆಲ್ಟನ್ನ ಯಾಕಪ್ಪ ಹೀಗೆ ನೇತಾಡೋಕೆ ಬಿಟ್ಟಿದ್ದೀಯ? ನಾವು ಯಾವತ್ತೂ ಹಾಗೆ ಬಿಡ್ತಿರಲಿಲ್ಲ. ದಿಂಬಿನ ಮೇಲೆ ಮಡಿಸಿಡ್ತಿದ್ವಿ."

ಅರ್ಧ ಮಿಲಿಮೀಟರ್ ಅಗಲದ ಬೆಲ್ಟ್ ಅದು. ಅವರಿಗೆ ಕಂಡಿತ್ತು. ಆ ರಾತ್ರಿಯೇ ಮೊದಲ ಮಾದರಿಯ ಬೆಲ್ಟ್ ಕೆರೆದು ತೆಗೆದೆ. ಹೊಸದಾಗಿ ಮಡಿಸಿ ಕೂರಿಸಲು 12 ಗಂಟೆ ಹಿಡಿಯಿತು. ಹೊಸ ಅಚ್ಚಿನ ಮೊದಲ ಸೀಟು ಅವರ ಮನೆಗೆ ಹೋಯಿತು. ದುಡ್ಡು ತೆಗೆದುಕೊಳ್ಳಲಿಲ್ಲ.