ಇಚಿರೋನ 262 ಮತ್ತು ನನ್ನ ಸ್ಕೋರ್ ಪುಸ್ತಕ

ಅಕ್ಕನ ಮಗ ಸಿಯಾಟಲ್‌ನಲ್ಲಿದ್ದಾನೆ. ಅಲ್ಲಿ ರಾತ್ರಿ ಏಳರ ಸುಮಾರಿಗೆ ಶುರುವಾಗುವ ಬೇಸ್‌ಬಾಲ್ ಆಟ ನಮಗೆ ಮುಂಜಾನೆ ಏಳೂವರೆಯದು. ಸುಸಲಾ ತಿಂದು ದಾಲ್ ಮಿಲ್ಲಿಗೆ ಹೊರಡುವಷ್ಟರಲ್ಲಿ ಒಂಬತ್ತರಲ್ಲಿ ನಾಲ್ಕೈದು ಇನಿಂಗ್ಸ್ ಆಗಿಹೋಗಿರುತ್ತವೆ. "ಮುಂಜಾನಿಂದ ಅದೇನ್ ಗೀಚ್ಲತ್ತೀರಿ?" ಅಂತ ಮನೆಯವಳು ಕೇಳೋದು, "ಸ್ಕೋರ್" ಅಂತ ನಾನು ಹೇಳೋದು.

ಕಲಬುರಗಿಯ ಎನ್.ವಿ. ಮೈದಾನದ ಟೂರ್ನಮೆಂಟುಗಳಿಗೆ ಸ್ಕೋರ್ ಬರೆದು ಕೈ ಸವೆಸಿಕೊಂಡವನು ನಾನು. ಕ್ರಿಕೆಟ್ಟಿನಲ್ಲಿ ನಮಗೆ ಸ್ವಂತ ಮಾತಿಲ್ಲ. ಅಂಪೈರ್ ಮೊಣಕಾಲು ಮುಟ್ಟಿ ತೋರಿಸಿದರೆ ಲೆಗ್ ಬೈ. ಚೆಂಡು ಬ್ಯಾಟಿಗೆ ತಾಗಿದ ಸದ್ದು ನನ್ನ ಕಿವಿಗೇ ಬಿದ್ದಿದ್ದರೂ ಕೈ ಎತ್ತಿ ಹೂಂ ಅಂದು ಬರೆಯಬೇಕು. ಬೇಸ್‌ಬಾಲಿನಲ್ಲಿ ಹಾಗಲ್ಲ. ಫೀಲ್ಡರನ ಕೈಯಿಂದ ಚೆಂಡು ಜಾರಿದರೆ ಅದು ಬ್ಯಾಟರನ ಹಿಟ್ (ಸ್ವಂತ ಹೊಡೆತದ ಬಲದಿಂದ ಬೇಸ್, ಅಂದರೆ ಓಡಿ ಮುಟ್ಟಬೇಕಾದ ಗುರುತು, ತಲುಪಿದ್ದು) ಅನ್ನಬೇಕೋ ಫೀಲ್ಡರನ ತಪ್ಪೋ ಅಂತ ತೀರ್ಪು ಕೊಡುವವನು ಸ್ಕೋರರ್. ನಮ್ಮ ಕಸುಬಿನವರಿಗೂ ಒಂದು ದೇಶದಲ್ಲಿ ಕುರ್ಚಿ ಇದೆ ಅಂತ ಗೊತ್ತಾದ ದಿನದಿಂದ ಈ ಚಟ ಹತ್ತಿದೆ.

ಅಲ್ಲಿ ಫೀಲ್ಡರುಗಳಿಗೆಲ್ಲ ಒಂದೊಂದು ಅಂಕಿ. ಚೆಂಡು ಎಸೆಯುವ ಪಿಚರ್ 1, ಬ್ಯಾಟರನ ಹಿಂದೆ ಕೂರುವ ಕ್ಯಾಚರ್ 2, ಫಸ್ಟ್ ಬೇಸ್‌ನವನು 3, ಎರಡನೇ ಮೂರನೇ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6. ಶಾರ್ಟ್‌ಸ್ಟಾಪ್ ಚೆಂಡು ಎತ್ತಿ ಫಸ್ಟ್ ಬೇಸಿಗೆ ಎಸೆದು ಔಟ್ ಮಾಡಿದರೆ ಪುಸ್ತಕದಲ್ಲಿ 6-3. ಅಳಿಯ ಕಳಿಸಿದ ಹಳೇ ವಿಡಿಯೊಗಳಲ್ಲಿ ನಾನು ಇಚಿರೋ ಸುಜುಕಿಯನ್ನು ನೋಡಿದ್ದು ಈ 6-3 ತಲೆಯಲ್ಲಿಟ್ಟುಕೊಂಡೇ. ಎಡಗೈ ಬ್ಯಾಟರ್. ಚೆಂಡು ಹೊಡೆಯುತ್ತಿರುವಾಗಲೇ ಅವನ ಕಾಲು ಬೇಸಿನ ಕಡೆ ಹೊರಟಿರುತ್ತದೆ. ಬೇರೆಯವರಾದರೆ 6-3 ಆಗಬೇಕಾದದ್ದು ಪುಸ್ತಕದಲ್ಲಿ ಅವನ ಮನೆಯಲ್ಲಿ ಹಿಟ್ ಆಗಿ ಕೂತಿರುತ್ತದೆ.

2001ರಲ್ಲಿ ಜಪಾನಿನಿಂದ ಸಿಯಾಟಲ್‌ನ ಮ್ಯಾರಿನರ್ಸ್ ತಂಡಕ್ಕೆ ಬಂದವನು, ಆ ವರ್ಷವೇ 242 ಹಿಟ್. 2004ರಲ್ಲಿ 262. ಒಂದೇ ಸೀಸನ್ನಿನಲ್ಲಿ ಅತಿ ಹೆಚ್ಚು ಹಿಟ್ ಅಂತ ಜಾರ್ಜ್ ಸಿಸ್ಲರ್ 1920ರಲ್ಲಿ ಮಾಡಿದ್ದ 257ರ ದಾಖಲೆ 84 ವರ್ಷ ನಿಂತಿತ್ತು, ಅದು ಬಿತ್ತು. ಆ 262ರಲ್ಲಿ 225 ಬರೀ ಸಿಂಗಲ್. ಸಿಂಗಲ್ ಅಂದರೆ ನಮ್ಮ ಒಂದು ರನ್ ಅಲ್ರಿ. ಮೊದಲ ಬೇಸಿಗೆ ತಲುಪಿದ್ದಷ್ಟೇ. ಹಿಂದೆ ಬರುವವರು ಹೊಡೆದು, ಮೂರೂ ಬೇಸ್ ದಾಟಿಸಿ, ಹೊರಟ ಜಾಗಕ್ಕೇ ವಾಪಸ್ ಮುಟ್ಟಿಸದಿದ್ದರೆ ತಂಡದ ಖಾತೆಗೆ ಪೈಸೆ ಜಮಾ ಆಗುವುದಿಲ್ಲ. ಆ ವರ್ಷ ತಂಡ ಗೆದ್ದದ್ದು 63, ಸೋತದ್ದು 99. ಮಿಲ್ ಲಾಸಿನಲ್ಲಿದ್ದಾಗಲೂ ಚೀಲ ಎಣಿಸಿ ಹೊತ್ತು ಹಾಕುವ ಹಮಾಲರನ್ನು ನಾನು ಕಂಡಿದ್ದೇನೆ, ಅದಕ್ಕೇ ಇರಬೇಕು, ಆ ಸೀಸನ್ ಲೆಕ್ಕ ನೋಡುವಾಗೆಲ್ಲ ಎದೆಯೊಳಗೆ ಏನೋ ಆಗುತ್ತದೆ.

2025ರಲ್ಲಿ ಬೇಸ್‌ಬಾಲಿನ ದೊಡ್ಡವರ ಹೆಸರು ಕಾಯಂ ಇಡುವ ಹಾಲ್ ಆಫ್ ಫೇಮ್‌ಗೆ ಇಚಿರೋನನ್ನು ಆರಿಸಿದಾಗ ಬಿದ್ದದ್ದು 394ರಲ್ಲಿ 393 ಮತ. ಹಾಕದ ಆ ಒಬ್ಬರು ಯಾರು ಅನ್ನೋದು ನಮ್ಮೂರಾಗಿದ್ದರೆ ಸಂಜೆಯೊಳಗೆ ಚಹಾದಂಗಡಿಯಲ್ಲಿ ಗೊತ್ತಾಗುತ್ತಿತ್ತು.

ಅಳಿಯ ಒಪ್ಪುವುದಿಲ್ಲ. ಅವನಿಗೆ ಕ್ಯಾಲ್ ರ‍್ಯಾಲಿಯೇ ದೇವರು. ನಮ್ಮ ಕೀಪರನ ಹಾಗೆ ಇಡೀ ಆಟ ಕುಕ್ಕರುಗಾಲಲ್ಲಿ ಕೂರುವ ಕ್ಯಾಚರ್, 2025ರಲ್ಲಿ 60 ಹೋಂ ರನ್ (ನಮ್ಮ ಸಿಕ್ಸರಿನಂಥದ್ದು) ಹೊಡೆದ. ತಂಡದ ಹಳೇ ದಾಖಲೆ ಕೆನ್ ಗ್ರಿಫಿ ಜೂನಿಯರ್‌ನದು, 1997ರಲ್ಲೂ 56, 1998ರಲ್ಲೂ 56. ಗ್ರಿಫಿಯ ವಿಷಯದಲ್ಲಿ ನನಗೆ ಇಷ್ಟವಾದದ್ದು ಬೇರೆಯೇ: 1990ರಲ್ಲಿ ಅಪ್ಪನೂ ಮಗನೂ ಒಂದೇ ತಂಡದಲ್ಲಿ ಆಡಿದರು, ಒಂದು ದಿನ ಅಪ್ಪ ಹೋಂ ರನ್ ಹೊಡೆದ ಬೆನ್ನಿಗೇ ಮಗನೂ ಹೊಡೆದ. ಪುಸ್ತಕದಲ್ಲಿ ಒಂದರ ಕೆಳಗೊಂದು ಅದೇ ಹೆಸರು, ಅದೇ ಗುರುತು. ಅದನ್ನು ಬರೆದ ಸ್ಕೋರರನ ಮೇಲೆ ನನಗೆ ಹೊಟ್ಟೆಕಿಚ್ಚು. ಪಿಚರ್ ಫೆಲಿಕ್ಸ್ ಹೆರ್ನಾಂಡೆಸ್ 2012ರ ಆಗಸ್ಟ್ 15ರಂದು ಎದುರು ಬಂದ 27 ಬ್ಯಾಟರುಗಳಲ್ಲಿ ಒಬ್ಬರಿಗೂ ಬೇಸ್ ಮುಟ್ಟಗೊಡದೆ ಕಳಿಸಿದ ಹಾಳಿ ಬರೆದವನ ಮೇಲೂ.

ಇಷ್ಟೆಲ್ಲ ಇದ್ದೂ 1977ರಲ್ಲಿ ಹುಟ್ಟಿದ ಈ ತಂಡ ಒಂದು ಸಲವೂ ವರ್ಲ್ಡ್ ಸೀರೀಸ್, ಅಂದರೆ ಅಲ್ಲಿನ ಫೈನಲ್, ಆಡಿಲ್ಲ. 2001ರಲ್ಲಿ 162ರಲ್ಲಿ 116 ಗೆದ್ದು 1906ರ ಶಿಕಾಗೊ ಕಬ್ಸ್ ತಂಡದ ಗೆಲುವಿನ ದಾಖಲೆಯ ಸಮಕ್ಕೆ ನಿಂತಿತು, ಆಮೇಲೆ ಫೈನಲ್ಲಿಗೆ ಮೊದಲೇ ನ್ಯೂಯಾರ್ಕ್ ಯಾಂಕೀಸ್ ಕೈಯಲ್ಲಿ ಸೋತು ಮುಗಿಯಿತು.

2025ರ ಅಕ್ಟೋಬರ್ 21, ದೀಪಾವಳಿ ಅಮಾವಾಸ್ಯೆ. ಟೊರಾಂಟೊದಲ್ಲಿ ಅಲ್ಲಿನ ತಂಡದ ಎದುರು ಸೆಮಿಫೈನಲ್ಲಿನಂಥ ಸರಣಿಯ ಏಳನೇ, ಕೊನೇ ಪಂದ್ಯ, ನಮಗೆ ನಸುಕಿನ ಐದೂವರೆ. ಗೆದ್ದರೆ ವರ್ಲ್ಡ್ ಸೀರೀಸ್. ರ‍್ಯಾಲಿ ಒಂದು ಬಾರಿಸಿ 3-1 ಆಯಿತು. ಇನ್ನು ಎಂಟು ಔಟ್ ಬೇಕು ಅನ್ನುವಾಗ ಟೊರಾಂಟೊದ ಜಾರ್ಜ್ ಸ್ಪ್ರಿಂಗರ್ ಹೊಡೆದ ಒಂದೇ ಹೊಡೆತಕ್ಕೆ ಮೂರು ರನ್. 4-3. ಅಷ್ಟಕ್ಕೇ ಮುಗಿಯಿತು.

ಅಳಿಯ ಫೋನ್ ಮಾಡಿದ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಮಾಮಾ, ಆ ಹಾಳಿ ಹರದ್ ಒಗಿ."

"ಸ್ಕೋರ್ ಹಾಳಿ ಹರಿಯಂಗಿಲ್ಲೋ ತಮ್ಮಾ," ಅಂದೆ. ಕೊನೇ ಮನೆ ತುಂಬಿ, ಮೊತ್ತ ಹಾಕಿ, ತಾರೀಕು ಬರೆದು, ಸ್ನಾನಕ್ಕೆ ಎದ್ದೆ. ಮಿಲ್ಲಿನಲ್ಲಿ ಲಕ್ಷ್ಮೀಪೂಜೆ ಇತ್ತು.